ಕಡಲತಡಿಯ ದುಡಿಮೆ ಮತ್ತು ಚರ್ಮದ ಉರಿಯೂತ

ಡರ್ಮಟೈಟಿಸ್ ಎಂದರೆ ಚರ್ಮದ ಉರಿಯೂತ. ಜನ ಇಸುಬು ಎನ್ನುವುದು ಬಹುಮಟ್ಟಿಗೆ ಇದನ್ನೇ. ತುರಿಕೆ, ಕೆಂಪು, ನೀರುಗುಳ್ಳೆ, ಹಳೆಯದಾದರೆ ದಪ್ಪಗಾಗಿ ಬಿರಿಯುವ ಚರ್ಮ: ಬಗೆ ಯಾವುದಾದರೂ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಇಷ್ಟೇ. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಆದರೆ ಕಾರಣ ಹಿಡಿಯದೆ ಬರೀ ಮುಲಾಮು ಹಚ್ಚಿದರೆ ಮತ್ತೆ ಮತ್ತೆ ಮರುಕಳಿಸುತ್ತದೆ.

ತಿರುವನಂತಪುರದ ದಕ್ಷಿಣಕ್ಕಿರುವ ವಿಳಿಂಜಂನಲ್ಲಿ ಮೀನುಗಾರರ ಹಳೆಯ ಬಂದರು, ಹೊಸ ಕಂಟೇನರ್ ಬಂದರು ಎರಡೂ ಇವೆ. ಇಂಥ ಕಡೆ ಮೊದಲು ಸೋಲುವುದು ಕೈ. ಉಪ್ಪುನೀರು, ಮಂಜುಗಡ್ಡೆ, ಬಲೆಯ ಉಜ್ಜಾಟ, ಡೀಸೆಲ್ ಎಲ್ಲವೂ ಸೇರಿ ಚರ್ಮದ ಹೊರಪದರದ ಜಿಡ್ಡನ್ನು ತೆಗೆದುಹಾಕುತ್ತವೆ. ಬೆರಳ ಸಂದುಗಳು ಬಿರಿಯುತ್ತವೆ. ಇದು ಕೆರಳಿಕೆಯ ಡರ್ಮಟೈಟಿಸ್. ಇದಕ್ಕೆ ಅಲರ್ಜಿ ಬೇಕಿಲ್ಲ, ಸಾಕಷ್ಟು ಹೊತ್ತು ಒಡ್ಡಿಕೊಂಡರೆ ಯಾರಿಗಾದರೂ ಬಂದೀತು. ಬಿರಿದ ಚರ್ಮದೊಳಗೆ ಮೀನಿನ ಪ್ರೋಟೀನ್ ಇಳಿದರೆ ಕೆಲವರಿಗೆ ಅದಕ್ಕೇ ಅಲರ್ಜಿ ಹುಟ್ಟಿ, ಮೀನು ಮುಟ್ಟಿದ ಕೆಲವೇ ನಿಮಿಷಗಳಲ್ಲಿ ತುರಿಕೆ ಏಳುತ್ತದೆ.

ಚರ್ಮಕ್ಕೆ ಅಪಾಯ ಕೆಲವೊಮ್ಮೆ ಹಡಗಿನ ಸರಕಿನಿಂದಲೂ ಬರುತ್ತದೆ. 2025ರ ಮೇ 25ರಂದು, ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಹಡಗು ಕೇರಳದ ಕಡಲಲ್ಲಿ ಮುಳುಗಿತು. ಅದರಲ್ಲಿದ್ದ 640 ಕಂಟೇನರ್‌ಗಳ ಪೈಕಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ದಡಕ್ಕೆ ಬಂದದ್ದನ್ನು ಯಾರೂ ಮುಟ್ಟಬಾರದೆಂದು ಆಡಳಿತ ಎಚ್ಚರಿಸಿದ್ದು ಸರಿಯಾಗಿಯೇ ಇತ್ತು. ನೀರು ತಾಗಿದ ಕಾರ್ಬೈಡ್‌ನಿಂದ ಉರಿಯುವ ಅಸಿಟಿಲಿನ್ ಅನಿಲವೂ ಸುಣ್ಣವೂ ಹುಟ್ಟುತ್ತವೆ. ಒದ್ದೆ ಚರ್ಮದ ಮೇಲೆ ಆ ಸುಣ್ಣ ಸುಡುತ್ತದೆ. ಪುಡಿ ಮೈಗೆ ಬಿದ್ದರೆ ಮೊದಲು ಒಣಗಿದ್ದಂತೆಯೇ ಕೊಡವಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಬೇಕು.

ಅಲರ್ಜಿಯ ಡರ್ಮಟೈಟಿಸ್‌ನ ದಾರಿ ಬೇರೆ. ದೇಹದ ರಕ್ಷಣಾಕೋಶಗಳು ಒಂದು ವಸ್ತುವನ್ನು ಗುರುತಿಟ್ಟುಕೊಂಡು, ಮುಂದಿನ ಸಲ ಅದು ತಾಗಿದಾಗ ಒಂದೆರಡು ದಿನ ತಡವಾಗಿ ಕೆರಳುತ್ತವೆ. ಗಾರೆ ಕೆಲಸದವರಿಗೆ ಸಿಮೆಂಟಿನ ಕ್ರೋಮಿಯಂ, ಕೊಲ್ಲಂ ಮತ್ತು ಮಂಗಳೂರಿನ ಗೇರುಬೀಜ ಕಾರ್ಮಿಕರಿಗೆ ಸಿಪ್ಪೆಯ ಎಣ್ಣೆ, ಕರ್ನಾಟಕದ ರೈತರಿಗೆ ಗಾಳಿಯಲ್ಲಿ ಹಾರುವ ಪಾರ್ಥೇನಿಯಂ ಕಳೆಯ ಕಣಗಳು ಹೀಗೆ ಕಾಡುತ್ತವೆ. ಪಾರ್ಥೇನಿಯಂ ಹೆಚ್ಚಾಗಿ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳನ್ನು ಹಿಡಿಯುತ್ತದೆ. ಯುರೋಪಿನಲ್ಲಿ ಸಿಮೆಂಟಿನ ಕರಗುವ ಕ್ರೋಮಿಯಂಗೆ 2005ರಿಂದ ಹತ್ತು ಲಕ್ಷಕ್ಕೆ 2 ಭಾಗದ ಮಿತಿಯಿದೆ. ಫೆರಸ್ ಸಲ್ಫೇಟ್ ಬೆರೆಸಿದರೆ ಸಾಧ್ಯವಾಗುವ ಈ ರಕ್ಷಣೆ ಇಲ್ಲಿನ ಕಾರ್ಮಿಕರಿಗೂ ಸಿಗಬೇಕಾದದ್ದು. ಯಾವ ವಸ್ತು ಕಾರಣವೆಂದು ತಿಳಿಯಲು ಪ್ಯಾಚ್ ಟೆಸ್ಟ್ ಇದೆ: ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗೆ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ.

ಮಕ್ಕಳಲ್ಲಿ ಹೆಚ್ಚು ಕಾಣುವ ಅಟೊಪಿಕ್ ಬಗೆ ಮನೆತನದಲ್ಲಿ ಬರುತ್ತದೆ. ಆಸ್ತಮಾ, ಅಲರ್ಜಿಯ ನೆಗಡಿಯೂ ಜೊತೆಗಿರಬಹುದು. ನೆತ್ತಿ, ಹುಬ್ಬು, ಮೂಗಿನ ಬದಿಯಲ್ಲಿ ಹೊಟ್ಟು ಏಳುವ ಸೆಬೊರಿಕ್ ಬಗೆಗೆ ಮಲಸೇಜಿಯಾ ಎಂಬ ಶಿಲೀಂಧ್ರದ ನಂಟಿದೆ, ಕೀಟೊಕೊನಜೋಲ್ ಶಾಂಪೂವಿಗೆ ಅದು ಬಗ್ಗುತ್ತದೆ.

ಕಾರಣದಿಂದ ದೂರವಿರುವುದು, ಸ್ನಾನವಾದ ಕೂಡಲೇ ಜಿಡ್ಡಿನ ಲೇಪ ಹಚ್ಚುವುದು, ಉರಿಯೂತಕ್ಕೆ ಸ್ಟೀರಾಯ್ಡ್ ಮುಲಾಮು: ಚಿಕಿತ್ಸೆಯ ಬುನಾದಿ ಇದು. ಅಂಗೈಗೆ ಪ್ರಬಲವಾದದ್ದು ಬೇಕು, ಅದನ್ನೇ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮುಖಕ್ಕೆ, ರೆಪ್ಪೆಗೆ ಟ್ಯಾಕ್ರೊಲಿಮಸ್ ಕೊಡುವುದುಂಟು. ಔಷಧದಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಿಂದ ಆಗುವ ಹಾನಿ ದೊಡ್ಡದು. ಹುಳುಕಡ್ಡಿಯನ್ನು ಇಸುಬೆಂದು ತಿಳಿದು ಸ್ಟೀರಾಯ್ಡ್ ಹಚ್ಚಿದರೆ ಅದು ರೂಪ ಮರೆಸಿಕೊಂಡು ಹರಡುತ್ತದೆ. ಪಾರ್ಥೇನಿಯಂನ ಹಟಮಾರಿ ಇಸುಬಿಗೆ ವೈದ್ಯರು ರಕ್ತ ಪರೀಕ್ಷಿಸುತ್ತಾ ಅಜಥಯೊಪ್ರಿನ್ ಮಾತ್ರೆ ಕೊಡುತ್ತಾರೆ.

ಕೈ ನೋಡಲು ವಾಸಿಯಾದ ಮೇಲೂ ಹೊರಪದರ ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆದ್ದರಿಂದ ಒಳಗೆ ಹತ್ತಿಯ ಪದರವಿರುವ ಕೈಗವಸನ್ನು ಅಲ್ಲಿಯವರೆಗೂ ಬಿಡುವಂತಿಲ್ಲ.