ಬ್ಯಾಜಟ್ ಕಂಡ ಗುಟ್ಟು

1865ರ ಮೇ 15ರಂದು ಲಂಡನ್ನಿನಲ್ಲಿ ‘ಫೋರ್ಟ್‌ನೈಟ್ಲಿ ರಿವ್ಯೂ’ ಎಂಬ ಹೊಸ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಅದರಲ್ಲಿ ಇಂಗ್ಲೆಂಡಿನ ಮಂತ್ರಿಮಂಡಲದ ಬಗ್ಗೆ ಒಂದು ಲೇಖನವಿತ್ತು. ಬರೆದವನು ವಾಲ್ಟರ್ ಬ್ಯಾಜಟ್. ವಯಸ್ಸು 39, ಮನೆತನದ ಕಸುಬು ಬ್ಯಾಂಕಿನ ವ್ಯವಹಾರ, ಜೊತೆಗೆ ‘ದಿ ಎಕನಾಮಿಸ್ಟ್’ ವಾರಪತ್ರಿಕೆಯ ಸಂಪಾದಕತ್ವ. ಈ ದೇಶವನ್ನು ನಿಜವಾಗಿ ಆಳುತ್ತಿರುವವರು ಯಾರು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಅಲ್ಲಿನ ಯಾವ ಕಾನೂನು ಗ್ರಂಥದಲ್ಲೂ ಇರಲಿಲ್ಲ.

ಗ್ರಂಥಗಳು ಹೇಳುತ್ತಿದ್ದುದೇ ಬೇರೆ. ಫ್ರಾನ್ಸಿನ ಮಾಂಟೆಸ್ಕ್ಯೂ 1729ರಿಂದ 1731ರವರೆಗೆ ಇಂಗ್ಲೆಂಡಿನಲ್ಲಿದ್ದು ನೋಡಿಕೊಂಡು ಹೋಗಿ, 1748ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಶಾಸನ ಮಾಡುವವರು ಬೇರೆ, ಅದನ್ನು ನಡೆಸುವವರು ಬೇರೆ, ನ್ಯಾಯ ಹೇಳುವವರು ಬೇರೆ. ಇಂಗ್ಲಿಷರ ಸ್ವಾತಂತ್ರ್ಯದ ಬೇರು ಈ ವಿಂಗಡಣೆಯಲ್ಲಿದೆ ಎಂದ. ಆಕ್ಸ್‌ಫರ್ಡಿನ ಬ್ಲ್ಯಾಕ್‌ಸ್ಟನ್ ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದ: ದೊರೆ, ಲಾರ್ಡ್ಸ್ ಸಭೆ, ಕಾಮನ್ಸ್ ಸಭೆ ಮೂವರೂ ಒಬ್ಬರನ್ನೊಬ್ಬರು ಹದ್ದಿನಲ್ಲಿಡುತ್ತಾರೆ. ಅಮೆರಿಕದವರು 1787ರಲ್ಲಿ ಕೂತು ಸಂವಿಧಾನ ಬರೆಯುವಾಗ ಈ ಮಾತನ್ನು ನಂಬಿಯೇ ಬರೆದರು. ಸರ್ಕಾರದ ಹುದ್ದೆಯಲ್ಲಿರುವವನು ಅವರ ಕಾಂಗ್ರೆಸ್ಸಿನ ಸದಸ್ಯನಾಗಿರುವಂತಿಲ್ಲ.

ಇಂಗ್ಲೆಂಡಿನಲ್ಲೂ ಹಾಗೇ ಆಗಿಬಿಡುತ್ತಿತ್ತು, ಸ್ವಲ್ಪದರಲ್ಲಿ ತಪ್ಪಿತು. ಸಿಂಹಾಸನ ಯಾರಿಗೆ ಸೇರಬೇಕೆಂದು ಗೊತ್ತುಮಾಡಿದ 1701ರ ಕಾಯಿದೆಯಲ್ಲಿ ಒಂದು ಕಲಮು ಇತ್ತು: ದೊರೆಯಿಂದ ಸಂಬಳದ ಹುದ್ದೆ ಪಡೆದವನಿಗೆ ಕಾಮನ್ಸ್ ಸಭೆಯಲ್ಲಿ ಜಾಗವಿಲ್ಲ. ದೊರೆ ಹಣ, ಹುದ್ದೆ ತೋರಿಸಿ ಸದಸ್ಯರನ್ನು ಕೊಂಡುಕೊಳ್ಳದಿರಲಿ ಎಂಬುದು ಉದ್ದೇಶ. ಹ್ಯಾನೋವರ್ ವಂಶದವರು ಪಟ್ಟಕ್ಕೆ ಬಂದ ಮೇಲೆ ಅದು ಜಾರಿಗೆ ಬರಬೇಕಿತ್ತು. ಬರುವ ಮೊದಲೇ ಸಂಸತ್ತು ಅದನ್ನು ಸಡಿಲಿಸಿತು. ಮಂತ್ರಿಯಾದವನು ಇನ್ನೊಮ್ಮೆ ಮತದಾರರ ಮುಂದೆ ನಿಂತು ಗೆದ್ದು ಬಂದರೆ ಸಾಕು ಎಂದಿತು. ಆ ಕಲಮು ಉಳಿದಿದ್ದರೆ ಮಂತ್ರಿಗಳು ಕಾಮನ್ಸ್ ಸಭೆಯ ಹೊರಗೇ ಉಳಿಯುತ್ತಿದ್ದರು. ಇಂದು ನಾವು ಸಂಸದೀಯ ಪದ್ಧತಿ ಎನ್ನುವುದು ಹುಟ್ಟುತ್ತಲೇ ಇರಲಿಲ್ಲ. ಇಷ್ಟು ದೊಡ್ಡ ತಿರುವು ಇಷ್ಟು ಸದ್ದಿಲ್ಲದೆ ಆಗಿಹೋದದ್ದನ್ನು ಓದುವಾಗ ನನಗೆ ಈಗಲೂ ಬೆರಗು.

ಆಮೇಲಿನದೆಲ್ಲ ಒಂದೊಂದಾಗಿ ಕೂಡಿಕೊಂಡದ್ದು. ಸಂಸತ್ತು ಒಪ್ಪಿದ ಮಸೂದೆಗೆ ಅಂಕಿತ ಹಾಕಲು ನಿರಾಕರಿಸಿದ ಕೊನೆಯವಳು ರಾಣಿ ಆ್ಯನ್, 1708ರಲ್ಲಿ. ಜರ್ಮನಿಯಿಂದ ಬಂದ ಮೊದಲನೆಯ ಜಾರ್ಜ್ 1717ರ ಹೊತ್ತಿಗೆ ಮಂತ್ರಿಗಳ ಸಭೆಗೆ ಬರುವುದನ್ನೇ ಬಿಟ್ಟ. ಖಾಲಿಯಾದ ಆ ಜಾಗದಲ್ಲಿ ರಾಬರ್ಟ್ ವಾಲ್ಪೋಲ್ 1721ರಿಂದ 21 ವರ್ಷ ಗಟ್ಟಿಯಾಗಿ ಕೂತ. 1742ರಲ್ಲಿ ಕಾಮನ್ಸ್ ಸಭೆಯ ಬೆಂಬಲ ಕೈತಪ್ಪಿದಾಗ, ದೊರೆಗೆ ತಾನಿನ್ನೂ ಬೇಕಾಗಿದ್ದರೂ ರಾಜೀನಾಮೆ ಕೊಟ್ಟು ಹೋದ. 1834ರಲ್ಲಿ ನಾಲ್ಕನೆಯ ವಿಲಿಯಂ, ಮೆಲ್ಬರ್ನ್‌ನ ಸರ್ಕಾರವನ್ನು ತಾನಾಗಿ ಕಿತ್ತುಹಾಕಿ ಪೀಲ್‌ನನ್ನು ತಂದು ಕೂರಿಸಿದ. ಚುನಾವಣೆಯಲ್ಲಿ ಪೀಲ್‌ಗೆ ಬಹುಮತ ಬರಲಿಲ್ಲ. ಮುಂದಿನ ಏಪ್ರಿಲಿಗೆ ಮೆಲ್ಬರ್ನ್ ಮತ್ತೆ ಪ್ರಧಾನಿ. ಆಮೇಲೆ ಯಾವ ದೊರೆಯೂ ಆ ಸಾಹಸಕ್ಕೆ ಕೈಹಾಕಿಲ್ಲ.

ಇಷ್ಟೆಲ್ಲ ಕಣ್ಣೆದುರೇ ನಡೆದಿದ್ದರೂ ಪುಸ್ತಕಗಳು ಮಾತ್ರ ಹಳೆಯ ಮಾತನ್ನೇ ಹೇಳುತ್ತಿದ್ದವು. ಬ್ಯಾಜಟ್ ಪುಸ್ತಕ ಮುಚ್ಚಿಟ್ಟು ಮನುಷ್ಯರನ್ನು ನೋಡಿದ. ಅವನಿಗೆ ಮಂತ್ರಿಗಳ ಒಡನಾಟವಿತ್ತು. ಸ್ವತಃ ಕೆಲವು ಸಲ ಸಂಸತ್ತಿಗೆ ಹೋಗಲು ಪ್ರಯತ್ನಿಸಿ ಸೋತಿದ್ದ. ಬ್ಯಾಂಕಿನ ಕಟ್ಟಡ ಎಷ್ಟೇ ಭವ್ಯವಾಗಿರಲಿ, ಲೆಕ್ಕ ತಿಳಿದವನು ನೋಡುವುದು ತಿಜೋರಿಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು. ಅದೇ ಕಣ್ಣಿನಿಂದ ಅವನು ಸರ್ಕಾರವನ್ನು ನೋಡಿದ. ಅಲ್ಲಿ ಎರಡು ಭಾಗಗಳು ಕಂಡವು: ಜನರ ಗೌರವವನ್ನು ಸೆಳೆದು ಹಿಡಿಯುವ ಭಾಗ ಒಂದು, ಆ ಗೌರವದ ಬಲದಿಂದ ಕೆಲಸ ನಡೆಸುವ ಭಾಗ ಇನ್ನೊಂದು. ಮೊದಲನೆಯದರ ಶಿಖರದಲ್ಲಿ ರಾಣಿ. ಎರಡನೆಯದರ ಶಿಖರದಲ್ಲಿ ಪ್ರಧಾನಿ. ಶಾಸನ ಮಾಡುವವರನ್ನೂ ನಡೆಸುವವರನ್ನೂ ಬೇರೆ ಇಟ್ಟಿದ್ದಾರೆ ಎಂದು ಮಾಂಟೆಸ್ಕ್ಯೂ ಹೇಳಿದ್ದ ಕಡೆಯಲ್ಲಿ ಬ್ಯಾಜಟ್‌ಗೆ ಕಂಡದ್ದು ಎರಡೂ ಹೆಚ್ಚುಕಡಿಮೆ ಒಂದಾಗಿರುವುದು. ಒಂದಾಗಿಸಿದ್ದು ಮಂತ್ರಿಮಂಡಲ. ಅದು ಸಂಸತ್ತು ತನ್ನೊಳಗಿನಿಂದಲೇ ಆರಿಸಿ ದೇಶ ಆಳಲು ನೇಮಿಸಿದ ಸಮಿತಿ. ಹುಟ್ಟಿಸಿದ ಸಭೆಯನ್ನೇ ವಿಸರ್ಜಿಸಿ ಚುನಾವಣೆಗೆ ಕಳಿಸಬಲ್ಲ ಶಕ್ತಿಯೂ ಆ ಸಮಿತಿಗಿತ್ತು.

ಆಶ್ಚರ್ಯವೆಂದರೆ ಇಂಥ ಮಂತ್ರಿಮಂಡಲದ ಗುರುತು ಕಾನೂನಿಗೇ ಇರಲಿಲ್ಲ. ಅದರ ಸಭೆಯಲ್ಲಿ ಕಾರ್ಯದರ್ಶಿ ಇಲ್ಲ, ನಡಾವಳಿ ಪುಸ್ತಕ ಇಲ್ಲ. ಸಭೆ ಮುಗಿದ ಮೇಲೆ ಪ್ರಧಾನಿ ತಾನೇ ಕೂತು, ತನ್ನ ಕೈಯಾರೆ ರಾಣಿಗೊಂದು ಕಾಗದ ಬರೆಯುತ್ತಿದ್ದ. ಉಳಿದ ದಾಖಲೆ ಅದೊಂದೇ. ಏನು ತೀರ್ಮಾನವಾಯಿತೆಂದು ಮಂತ್ರಿಗಳೇ ಆಮೇಲೆ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪರಿಸ್ಥಿತಿಯೂ ಬರುತ್ತಿತ್ತು. ಮೊದಲ ಮಹಾಯುದ್ಧದ ನಡುವೆ, 1916ರ ಡಿಸೆಂಬರಿನಲ್ಲಿ, ಲಾಯ್ಡ್ ಜಾರ್ಜ್ ಪ್ರಧಾನಿಯಾದ ಮೇಲೆಯೇ ಮಾರಿಸ್ ಹ್ಯಾಂಕಿ ಎಂಬ ಅಧಿಕಾರಿ ನಡಾವಳಿ ಬರೆಯತೊಡಗಿದ್ದು. ಯಾರೂ ಬರೆದಿಡದೆ ನಡೆಯುತ್ತಿದ್ದ ಸಂಗತಿಯನ್ನು ಒಬ್ಬ ಪತ್ರಕರ್ತ ಹೊರಗಿನಿಂದಲೇ ಅಷ್ಟು ಖಚಿತವಾಗಿ ಗುರುತಿಸಿದನಲ್ಲ, ಅವನ ಹಿರಿಮೆ ಇರುವುದು ಅಲ್ಲಿ.

ಸಂದರ್ಭವೂ ಕೂಡಿಬಂದಿತ್ತು. ಲೇಖನ ಬರುವ ಸರಿಯಾಗಿ ಒಂದು ತಿಂಗಳ ಹಿಂದೆ ಅಮೆರಿಕದ ಅಧ್ಯಕ್ಷ ಲಿಂಕನ್ ತೀರಿಕೊಂಡಿದ್ದ. ಅಂತರ್ಯುದ್ಧ ಮುಗಿಯುತ್ತಿದ್ದ ಗಳಿಗೆಯಲ್ಲಿ ಉಪಾಧ್ಯಕ್ಷ ಜಾನ್ಸನ್ ಆ ಕುರ್ಚಿಗೆ ಬಂದಿದ್ದ. ಗೊತ್ತಾದ ಅವಧಿ ಮುಗಿಯುವವರೆಗೆ ಅವನನ್ನು ಇಟ್ಟುಕೊಳ್ಳಲೇಬೇಕು. ಸಂಸತ್ತು ಆರಿಸಿದ ಪ್ರಧಾನಿಯಾದರೆ ಸಂಕಟಕಾಲದಲ್ಲಿ ಬದಲಿಸಬಹುದು ಎಂದು ಬ್ಯಾಜಟ್ ವಾದಿಸಿದ.

ಇತ್ತ ವಿಕ್ಟೋರಿಯಾ ರಾಣಿ, ಗಂಡ ಆಲ್ಬರ್ಟ್ 1861ರಲ್ಲಿ ತೀರಿಕೊಂಡ ಮೇಲೆ ಜನರ ಮುಂದೆ ಬರುವುದನ್ನೇ ಬಿಟ್ಟಿದ್ದಳು. ಹಾಗಾದರೆ ರಾಣಿ ಯಾಕೆ ಬೇಕು? ಸಂಸತ್ತಿನ ಲೆಕ್ಕಾಚಾರ ಎಲ್ಲರಿಗೂ ಅರ್ಥವಾಗದು, ಒಂದು ಕುಟುಂಬ ಅರ್ಥವಾಗುತ್ತದೆ ಎಂಬುದು ಬ್ಯಾಜಟ್‌ನ ಉತ್ತರ. ಸಾಮಾನ್ಯ ಜನರ ಬುದ್ಧಿಯ ಬಗ್ಗೆ ಅವನಿಗಿದ್ದ ತಾತ್ಸಾರ ಈ ಮಾತಿನ ಹಿಂದಿದೆ. ಅದನ್ನು ನಾನು ಒಪ್ಪಲಾರೆ. 1867ರಲ್ಲಿ ನಗರದ ಕಾರ್ಮಿಕರಿಗೆ ಮತದ ಹಕ್ಕು ಬಂದಾಗ ಅವನು ಹೆದರಿದ, ಆ ಲೇಖನದಿಂದ ಬೆಳೆದ ಪುಸ್ತಕದ 1872ರ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಆ ಭಯವನ್ನು ಬರೆದೂ ಬರೆದ. ಆದರೆ ಆ ಪುಸ್ತಕದ ಇನ್ನೊಂದು ಮಾತು ಉಳಿದುಬಂತು: ಪಟ್ಟದಲ್ಲಿರುವವರಿಗೆ ಮೂರೇ ಹಕ್ಕು. ಮಂತ್ರಿಗಳು ತಮ್ಮೊಡನೆ ಸಮಾಲೋಚಿಸಬೇಕು, ತಾವು ಅವರಿಗೆ ಉತ್ತೇಜನ ಕೊಡಬಹುದು, ಎಚ್ಚರಿಕೆಯನ್ನೂ ಹೇಳಬಹುದು.

ಇಲ್ಲಿ ಕತೆ ತಿರುವು ತೆಗೆದುಕೊಳ್ಳುತ್ತದೆ. 1907ರಿಂದ ವಿಕ್ಟೋರಿಯಾಳ ಪತ್ರಗಳು ಸಂಪುಟಗಳಾಗಿ ಅಚ್ಚಾಗತೊಡಗಿದವು. ಓದಿದವರಿಗೆ ಕಂಡದ್ದು ಬ್ಯಾಜಟ್ ಹೇಳಿದ ರಾಣಿಯಲ್ಲ. ಮಂತ್ರಿಗಳ ನೇಮಕ, ವಿದೇಶ ವ್ಯವಹಾರ, ಸೈನ್ಯ, ಚರ್ಚು, ಎಲ್ಲದರಲ್ಲೂ ಆಕೆ ಹಟ ಹಿಡಿದು ಕೈಹಾಕಿದ್ದಳು. 1880ರ ಚುನಾವಣೆಯ ನಂತರ, ಗೆದ್ದ ಪಕ್ಷದ ಗ್ಲ್ಯಾಡ್‌ಸ್ಟನ್ ಪ್ರಧಾನಿಯಾಗುವುದು ಬೇಡವೆಂದು ಮೊದಲು ಅದೇ ಪಕ್ಷದ ಹಾರ್ಟಿಂಗ್ಟನ್‌ನನ್ನು ಕರೆಸಿದ್ದಳು. ಅವನು ಒಲ್ಲೆನೆಂದ ಮೇಲೆ ವಿಧಿಯಿಲ್ಲದೆ ಗ್ಲ್ಯಾಡ್‌ಸ್ಟನ್‌ನನ್ನು ಒಪ್ಪಿಕೊಂಡಳು. ಬ್ಯಾಜಟ್ ಕಂಡದ್ದರಲ್ಲಿ ಅರ್ಧ ಮಾತ್ರ ಆಗ ನಿಜವಾಗಿತ್ತು. ಉಳಿದ ಅರ್ಧವನ್ನು ನಿಜ ಮಾಡಿದವರು ಅವನ ಓದುಗರು. ವಿಕ್ಟೋರಿಯಾಳ ಮೊಮ್ಮಗ, ಮುಂದೆ ಐದನೆಯ ಜಾರ್ಜ್ ಆದವನು, 1894ರಲ್ಲಿ ಕೇಂಬ್ರಿಜ್‌ನ ಟ್ಯಾನರ್ ಎಂಬ ಮೇಷ್ಟ್ರ ಬಳಿ ಈ ಪುಸ್ತಕ ಓದಿ, ನೋಟ್‌ಬುಕ್ಕಿನಲ್ಲಿ ಸಾರಾಂಶ ಬರೆದುಕೊಂಡ. ಅವನ ಮೊಮ್ಮಗಳು ಎಲಿಜಬೆತ್‌ಗೂ ಈಟನ್ ಶಾಲೆಯ ಹೆನ್ರಿ ಮಾರ್ಟೆನ್ ಅವರಿಂದ ಸಂವಿಧಾನದ ಇತಿಹಾಸದ ಪಾಠವಾಯಿತು. ಪತ್ರಿಕೆಯ ಲೇಖನವಾಗಿ ಶುರುವಾದದ್ದು ಅರಮನೆಯ ಪಠ್ಯವಾಯಿತು, ಪಠ್ಯವಾದದ್ದು ನಡವಳಿಕೆಯಾಯಿತು.

ಅವನು ಭಾರತಕ್ಕೆ ಬರಲಿಲ್ಲ. ಬಂದದ್ದು ಅವನ ಮಾವ ಜೇಮ್ಸ್ ವಿಲ್ಸನ್. 1860ರಲ್ಲಿ ಇಲ್ಲಿ ಮೊದಲ ಆದಾಯ ತೆರಿಗೆ ತಂದು, ಅದೇ ವರ್ಷ ಕಲ್ಕತ್ತೆಯಲ್ಲಿ ತೀರಿಕೊಂಡವನು. ಆದರೆ ಬ್ಯಾಜಟ್ ವಿವರಿಸಿದ ಪದ್ಧತಿ ಬಂತು. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧಪಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಡುತ್ತಾ ಅಂಬೇಡ್ಕರ್ ಅವರು, ನಮ್ಮ ರಾಷ್ಟ್ರಪತಿಯ ಸ್ಥಾನ ಇಂಗ್ಲೆಂಡಿನ ದೊರೆಯದರಂತೆಯೇ ಎಂದು ಸ್ಪಷ್ಟಪಡಿಸಿದರು. ಆದರೂ ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಎಂಬ ಮಾತು 74ನೇ ವಿಧಿಯಲ್ಲಿ ಇರಲಿಲ್ಲ. ಸಂಪ್ರದಾಯ ಸಾಕೆಂದು ಬಿಟ್ಟಿದ್ದರು. ಅದನ್ನು ಬರೆದು ಸೇರಿಸಿದ್ದು 1976ರ 42ನೇ ತಿದ್ದುಪಡಿ.

ಬ್ರಿಟನ್ನಿನಲ್ಲಿ ಅದು ಇನ್ನೂ ಬರವಣಿಗೆಗೆ ಇಳಿದಿಲ್ಲ. 2019ರ ಆಗಸ್ಟಿನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಸಂಸತ್ತಿನ ಅಧಿವೇಶನವನ್ನು ಐದು ವಾರ ಮುಂದೂಡಲು ಸಲಹೆ ಕೊಟ್ಟಾಗ, ಎಲಿಜಬೆತ್ ರಾಣಿ ಬಾಲ್ಮೋರಲ್ ಕೋಟೆಯಲ್ಲಿ ಆ ಆಜ್ಞೆಗೆ ಒಪ್ಪಿಗೆ ಕೊಟ್ಟರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಅಕ್ರಮವೆಂದರು. ತಪ್ಪು ಹೊರಿಸಿದ್ದು ಸಲಹೆ ಕೊಟ್ಟ ಪ್ರಧಾನಿಯ ಮೇಲೆ. ಮರುದಿನ ಕಾಮನ್ಸ್ ಸಭೆ ಸೇರಿತು. ಉತ್ತರ ಹೇಳಲು ಎದ್ದು ನಿಂತವರೂ ಪ್ರಧಾನಿಯೇ.