ಸಂಡೂರಿನ ಸೂಜಿಯ ಕೆಲಸ

ಕಸೂತಿಯೆಂದೊಡನೆ ನಮ್ಮ ಗೃಹಿಣಿಯರ ನೆನಪಿಗೆ ಬರುವುವು ಧಾರವಾಡದ ಕಡೆಯ ಗೋಪುರ, ತೇರು, ಆನೆಗಳೇ. ಆದರೆ ಹೊಸಪೇಟೆಗೆ ಸಮೀಪದಲ್ಲಿ, ಕಬ್ಬಿಣದ ಅದಿರಿನ ಕೆಂಪು ಗುಡ್ಡಗಳ ನಡುವೆ ಇರುವ ಸಂಡೂರಿನಲ್ಲಿ ಮತ್ತೊಂದು ಬಗೆಯ ಕಸೂತಿಯು ಬಾಳುತ್ತಲಿದೆ. ಅದು ಲಂಬಾಣಿ ಸ್ತ್ರೀಯರದು.

ಲಂಬಾಣಿಗರು ಹಿಂದೆ ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದೇಶ ಸಂಚರಿಸುತ್ತಿದ್ದವರು. ರೈಲು ಬಂದ ಮೇಲೆ ಆ ವ್ಯಾಪಾರವು ಮುರಿದು, ಅವರು ತಾಂಡಾಗಳಲ್ಲಿ ನೆಲೆನಿಂತರು. ಫೇಟಿಯಾ ಎಂಬ ಲಂಗ, ಕಾಂಚಳಿಯೆಂಬ ರವಿಕೆ, ಇವುಗಳ ಮೇಲೆ ಕನ್ನಡಿಯ ಬಿಲ್ಲೆ, ಕವಡೆಗಳನ್ನು ಕೂಡಿಸಿ ಹೊಲಿಯುವುದು ಅವರ ಮನೆಗೆಲಸ. ಹೊಲಿದುದು ತನಗೆ, ಇಲ್ಲವೆ ಮಗಳ ಮದುವೆಗೆ, ಮಾರುವುದಕ್ಕಲ್ಲ.

ಮಾರುವ ಏರ್ಪಾಡು ಬಂದುದು 1980ರ ದಶಕದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ. ಅದೇ ಸೂಜಿ ಇಂದು ದಿಂಬಿನ ಹೊದಿಕೆ, ಚೀಲ, ಸೀರೆಯ ಸೆರಗುಗಳ ಮೇಲೆ ಓಡುತ್ತದೆ. ಕಿಲನ್, ವೇಲೆ, ಬಕ್ಯಾ, ಮಾಕಿ, ನಕ್ರಾ ಎಂದು ಒಂದೊಂದು ಹೊಲಿಗೆಗೂ ಒಂದೊಂದು ಹೆಸರುಂಟು. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆಯು ಹಂಪಿಯಲ್ಲಿ ನೆರೆದಾಗ, 450ಕ್ಕೂ ಹೆಚ್ಚು ಮಂದಿ ಹೆಂಗಸರು ಹೊಲಿದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನೂ ಪಡೆದರು. (ಹಂಪಿಯ ಎದುರು ದಡದ ಆನೆಗೊಂದಿಯಲ್ಲಿ ಬಾಳೆಯ ನಾರಿನಿಂದ ಚೀಲ, ಬುಟ್ಟಿಗಳನ್ನು ಮಾಡುತ್ತಾರೆ, ಅದನ್ನೂ ನೋಡತಕ್ಕದ್ದೇ.)

ದಾಖಲೆಯು ಸಂತೋಷದ ಮಾತೇ ಸರಿ. ಆದರೆ ಸೂಚಕವು ಕಾಯುವುದು ಹೆಸರನ್ನು, ಕೂಲಿಯನ್ನಲ್ಲ ಎಂಬುದನ್ನು ನಾವು ಮರೆಯಲಾಗದು. ತಾಂಡಾದ ಹುಡುಗಿಯರು ಈಗ ನಿತ್ಯಕ್ಕೆ ಸೀರೆ, ಚೂಡಿದಾರಗಳನ್ನೇ ಉಡುತ್ತಾರೆ. ಹಳೆಯ ಉಡುಪು ಬಹುಮಟ್ಟಿಗೆ ಹಬ್ಬಕ್ಕೂ ಮುದುಕಿಯರಿಗೂ ಉಳಿದಿದೆ. ಮನೆಯ ಬಳಕೆ ತಪ್ಪಿದ ವಿದ್ಯೆಯು ಕೊಳ್ಳುವವರ ಕೈಯನ್ನೇ ನಂಬಿ ನಿಲ್ಲಬೇಕಾಗಿದೆ. ಅತ್ತ ಪೇಟೆಯಲ್ಲಿ ಯಂತ್ರದ ನಕಲು ಅಗ್ಗವಾಗಿ ಸಿಕ್ಕುತ್ತದೆ.

ಕೊಳ್ಳುವ ಮೊದಲು ಬಟ್ಟೆಯನ್ನು ಮಗುಚಿ ನೋಡಿರಿ. ಯಂತ್ರದ್ದಾದರೆ ಹೊಲಿಗೆಗಳೆಲ್ಲ ಒಂದೇ ಅಳತೆ. ಹಿಂಬದಿಯಲ್ಲಿ ಬೇರೆಯದೇ ನೂಲು, ಸಾಮಾನ್ಯವಾಗಿ ಬಿಳಿಯದು, ಕಾಣುವುದು. ಕೈಯದಾದರೆ ಮೇಲಣ ಬಣ್ಣದ ನೂಲೇ ಹಿಂದಕ್ಕೂ ಹಾಯ್ದಿರುವುದು, ಅಳತೆಯು ಕೂದಲೆಳೆಯಷ್ಟು ಅತ್ತಿತ್ತ ಆಗಿರುವುದು. ಅಂತಹದಕ್ಕೆ ಬೆಲೆ ಹೆಚ್ಚೆಂದು ಚೌಕಾಸಿ ಮಾಡುವ ಮುನ್ನ, ಒಂದು ಗೇಣು ಅಂಚನ್ನು ತಾವೇ ಹೊಲಿದು ನೋಡುವಂತೆ ನಮ್ಮ ಸೋದರಿಯರಲ್ಲಿ ಅರಿಕೆ.