ಶಾಯಿಯಿಲ್ಲದ ಸಹಿ ನಡೆಯುತ್ತದೆಯೇ?

ಶಾಲೆ, ಕಾಲೇಜುಗಳಿಗೆ ಸೇರುವ ದಿನಗಳು ಬಂದವೆಂದರೆ ಹಿರಿಯೂರಿನ ಧರ್ಮಪುರ, ಹೊಳಲ್ಕೆರೆಯ ರಾಮಗಿರಿ, ಹೊಸದುರ್ಗದ ಮತ್ತೋಡು, ಚಿತ್ರದುರ್ಗದ ತುರುವನೂರು ಮುಂತಾದ ಹೋಬಳಿಗಳ ನಾಡಕಚೇರಿಗಳಲ್ಲಿ ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಅರ್ಜಿಗಳ ರಾಶಿ ಬೀಳುತ್ತದೆ. ಕೈಗೆ ಸಿಗುವ ಹಾಳೆಯಲ್ಲಿ ಹಸಿರು ಶಾಯಿಯ ರುಜುವೂ ಇಲ್ಲ, ದುಂಡನೆಯ ಮೊಹರೂ ಇಲ್ಲ. 'ಇದನ್ನು ಯಾರು ಒಪ್ಪುತ್ತಾರೆ?' ಎಂದು ಪೋಷಕರಿಗೆ ಅನುಮಾನ ಬರುವುದು ಸಹಜ.

ಒಪ್ಪಲೇಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯು 2000ನೇ ಇಸವಿಯ ಅಕ್ಟೋಬರ್ 17ರಂದೇ ಜಾರಿಗೆ ಬಂದಿದೆ. ಕಾನೂನು ಎಲ್ಲೆಲ್ಲಿ ಸಹಿ ಬೇಕೆನ್ನುತ್ತದೋ ಅಲ್ಲಿ ನಿಗದಿತ ವಿಧಾನದ ಎಲೆಕ್ಟ್ರಾನಿಕ್ ಸಹಿ ಸಾಕು ಎನ್ನುತ್ತದೆ ಅದರ 5ನೇ ಕಲಮು.

ಹಾಗಾದರೆ ಕೈಯಲ್ಲಿ ಹಾಕಿದ ಸಹಿಯ ಚಿತ್ರ ತೆಗೆದು ಅಂಟಿಸಿದರಾಯಿತೇ? ಇಲ್ಲ, ಅದು ಬರೀ ಚಿತ್ರ. ಡಿಜಿಟಲ್ ಸಹಿ ಎಂಬುದು ಗಣಿತ. ಗಣಕಯಂತ್ರವು ಪ್ರಮಾಣಪತ್ರದ ಕಡತವನ್ನೆಲ್ಲ ಅರೆದು, ಒಂದು ಗೊತ್ತಾದ ಉದ್ದದ ಸಂಖ್ಯೆಯನ್ನು ತೆಗೆಯುತ್ತದೆ. ಇದಕ್ಕೆ 'ಹ್ಯಾಶ್' ಎಂದು ಹೆಸರು. ಆದಾಯದ ಕಾಲಂನಲ್ಲಿ 48,000 ಇದ್ದದ್ದನ್ನು ಯಾರಾದರೂ 43,000 ಮಾಡಿದರೆನ್ನಿ, ಒಂದೇ ಅಂಕಿ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಅಧಿಕಾರಿ ಈ ಸಂಖ್ಯೆಗೆ ತಮ್ಮ ಗುಟ್ಟಿನ ಕೀಲಿಯಿಂದ ಬೀಗ ಹಾಕುತ್ತಾರೆ. ಅದಕ್ಕೆ ಜೋಡಿಯಾದ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತೆರೆದು ತಾಳೆ ನೋಡಬಹುದು. ಆ ಕೀಲಿ ಇಂಥವರದ್ದೇ ಎಂದು ಸರ್ಕಾರದ ಪರವಾನಗಿ ಪಡೆದ ಸಂಸ್ಥೆ ದೃಢೀಕರಿಸಿರುತ್ತದೆ. ನಕಲು ಮಾಡಬಹುದಾದ ಶಾಯಿಯ ರುಜುವಿಗಿಂತ ಇದೇ ಗಟ್ಟಿ.

ಇಲ್ಲೊಂದು ಸೂಕ್ಷ್ಮವಿದೆ. ಸಹಿ ಇರುವುದು ಕಡತದೊಳಗೆ. ಮುದ್ರಿಸಿದ ಹಾಳೆ ಅದರ ನೆರಳು ಮಾತ್ರ. ಹಾಳೆಯನ್ನು ತಿದ್ದಿ ಜೆರಾಕ್ಸ್ ಮಾಡಿಸಿದರೆ ಕಣ್ಣಿಗೆ ಗೊತ್ತಾಗದು. ಆದ್ದರಿಂದಲೇ ಪ್ರಮಾಣಪತ್ರದ ಮೇಲೆ 'ಆರ್‌ಡಿ' ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ಅದನ್ನು ನಾಡಕಚೇರಿಯ ಜಾಲತಾಣದಲ್ಲಿ ಹಾಕಿ ನೋಡಿದರೆ ನಿಜ ಹೊರಬೀಳುತ್ತದೆ. ಮೊಹರು ಹಾಕಿಸಿಕೊಂಡು ಬಾ ಎಂದು ಹುಡುಗರನ್ನು ಬಸ್ಸು ಹತ್ತಿಸುವ ಗುಮಾಸ್ತರು ಈ ಎರಡು ನಿಮಿಷದ ಕೆಲಸ ಮಾಡಿದರೆ ಎಷ್ಟೋ ಕೂಲಿ ದಿನಗಳು ಉಳಿಯುತ್ತವೆ!

ಪೋಷಕರು ಗಮನಿಸಬೇಕಾದದ್ದು ಇನ್ನೊಂದು. 2015ರಿಂದ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯಿಂದಲೂ ಎಲೆಕ್ಟ್ರಾನಿಕ್ ಸಹಿ ಹಾಕಬಹುದು. ಏನೆಂದು ಕೇಳದೆ ಆ ಅಂಕಿಗಳನ್ನು ಬೇರೆಯವರಿಗೆ ಹೇಳುವುದೂ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಕೊಡುವುದೂ ಹೆಚ್ಚುಕಡಿಮೆ ಒಂದೇ. ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸಿದವರಿಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು, ನಿಜ. ಆದರೆ ಮೋಸವಾಯಿತೆಂದು ತೋರಿಸಿಕೊಡಲು ಅಲೆಯಬೇಕಾದವರು ಸಹಿಯ ಒಡೆಯರೇ.

ಉಯಿಲಿಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಡಿಕೆ ತೋಟವನ್ನು ಮೊಮ್ಮಗಳ ಹೆಸರಿಗೆ ಬರೆಯಬೇಕೆನ್ನುವ ಅಜ್ಜ ಈಗಲೂ ಕಾಗದದ ಮೇಲೆ ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಬೇಕು, ಇಬ್ಬರು ಸಾಕ್ಷಿಗಳ ಸಹಿಯನ್ನೂ ಪಡೆಯಬೇಕು.